ಉಪ್ಪಿನಕಾಯಿಗೂ ಚೀಟಿ ಬೇಕು

ನಮ್ಮ ಅಕ್ಕನ ಮನೆಯಲ್ಲಿ ಉಪ್ಪಿನಕಾಯಿ ತಿನ್ನಬೇಕಾದರೆ ಡಾಕ್ಟರ ಚೀಟಿ ತರಬೇಕು. ನಗಬೇಡಿ, ತಮಾಷೆ ಮಾಡುತ್ತಿಲ್ಲ. ನಿಮಗೆ ಸೊರಬದ ಕಡೆ ಏನೋ ಕೆಲಸ ಬಿದ್ದು, ಊಟದ ಹೊತ್ತಿಗೆ ಸರಿಯಾಗಿ ಅವಳ ಮನೆ ಸೇರಿದಿರಿ ಅನ್ನಿ. ಅನ್ನ ಬಡಿಸುತ್ತಾಳೆ, ಸಾರು ಹಾಕುತ್ತಾಳೆ, ಸಾಕು ಸಾಕು ಎಂದು ನೀವು ಎಲೆಯ ಮೇಲೆ ಅಡ್ಡ ಮಲಗಿದರೂ ಬಿಡದೆ ತುಪ್ಪ ಸುರಿಯುತ್ತಾಳೆ. ಆದರೆ ಗೂಡಿನಲ್ಲಿರುವ ಮಿಡಿ ಉಪ್ಪಿನಕಾಯಿ ಜಾಡಿಯ ಕಡೆ ನಿಮ್ಮ ಕಣ್ಣು ಹೋಯಿತೋ, ಕಥೆ ಮುಗಿಯಿತು. ಆ ಜಾಡಿಯ ಹೊಟ್ಟೆಯ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಇದೆ. ಗೆರೆ ಇದ್ದದ್ದಕ್ಕೆ ಚೀಟಿ ಬೇಕು. ಹಾಗಾದರೆ ತುಪ್ಪದ ಡಬ್ಬಿಗೆ ಯಾಕೆ ಗೆರೆ ಇಲ್ಲ ಎಂದು ಕೇಳಬೇಡಿ. ತುಪ್ಪ ಅವಳಿಗೆ ಇಷ್ಟ!

ಮೊದಲು ಅವಳ ಪರಿಚಯ ಹೇಳಿಬಿಡುತ್ತೇನೆ. ಅಕ್ಕ ಸೊರಬ ತಾಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಸಿಸ್ಟರ್. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ, ಜ್ವರ ಬಂದವರಿಗೆ ಜ್ವರದ ಮಾತ್ರೆ, ಏನೂ ಬಾರದವರಿಗೆ ಬೈಗುಳ, ಇಷ್ಟು ಅವಳ ಕೆಲಸ. ಸುತ್ತಲಿನ ಊರುಗಳಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಮುದುಕರಿಂದ ಹಿಡಿದು ಮಕ್ಕಳವರೆಗೆ ಎಲ್ಲರಿಗೂ ಅವಳು ಸಿಸ್ಟರ್. ಹುಟ್ಟಿನಿಂದಲೇ ಹಾಗೆ ಕರೆಯುವ ಹಕ್ಕು ಪಡೆದು ಬಂದವನು ನಾನೊಬ್ಬನೇ, ನಾನು ಮಾತ್ರ ಅಕ್ಕ ಎನ್ನುತ್ತೇನೆ. ಭಾವನ ಪಾಡು ಇನ್ನೂ ಕಷ್ಟದ್ದು. ಒಮ್ಮೆ ನೆಂಟರ ಮದುವೆಯ ಗದ್ದಲದಲ್ಲಿ ಹೆಂಡತಿಯನ್ನು ಹುಡುಕುತ್ತಾ, ಊರಿನ ಅಭ್ಯಾಸ ಬಾಯಿಗೆ ಬಂದು, "ಸಿಸ್ಟರ್, ಹೊರಡೋಣೇನ್ರೀ?" ಎಂದು ಕೂಗಿಬಿಟ್ಟರು. ಆ ಮದುವೆಯಲ್ಲಿ ಏನು ಸಿಹಿ ಮಾಡಿದ್ದರೆಂದು ಯಾರಿಗೂ ನೆನಪಿಲ್ಲ, ಇದು ಮಾತ್ರ ಎಲ್ಲರಿಗೂ ನೆನಪಿದೆ.

ನಾನು ಶಿಕಾರಿಪುರದಲ್ಲಿ ಒಬ್ಬ ಗುಮಾಸ್ತ. ಪಹಣಿ ತನ್ನಿ, ಖಾತೆ ತನ್ನಿ, ತಂದಿದ್ದರ ನಕಲು ತನ್ನಿ ಎಂದು ಜನರನ್ನು ಅಲೆಸುವುದು ನನ್ನ ಉದ್ಯೋಗ. ಕಾಗದ ಕೇಳುವ ಚಾಳಿ ನಿಮ್ಮ ಮನೆತನದ ರಕ್ತದಲ್ಲೇ ಇದೆ ಎಂದು ಭಾವ ಆಗಾಗ ಚುಚ್ಚುತ್ತಾರೆ. ನಮ್ಮಿಬ್ಬರನ್ನೂ ಹೆತ್ತ ಅವ್ವ ನನ್ನ ಮನೆಯಲ್ಲೇ ಇದ್ದಾಳೆ. ಅವಳಿಗೆ ಈ ಚಾಳಿ ಇಲ್ಲ. ಕಾಗದವೆಂದರೆ ಅವಳ ಪಾಲಿಗೆ ಅಡಿಕೆ ಪುಡಿ ಕಟ್ಟಿಡುವ ವಸ್ತು, ಅಷ್ಟೆ. ಈಗ ನಾನು ಹೇಳಹೊರಟಿರುವುದು ಆ ತಾಯಿಗೂ ಈ ಮಗಳಿಗೂ ಗುಳಿಗೆಯ ವಿಷಯದಲ್ಲಿ ನಡೆದ ಯುದ್ಧದ ಕಥೆ. ಅವ್ವನ ಕಿಡ್ನಿ ಉಳಿಯಬೇಕಾದರೆ ಅಕ್ಕ ಗೆಲ್ಲಲೇಬೇಕಿತ್ತು. ಅವ್ವನೋ, ಜೀವಮಾನದಲ್ಲಿ ಯಾರಿಗೂ ಸೋತವಳಲ್ಲ.

ಎಲ್ಲದಕ್ಕೂ ಮೂಲ ಒಂದು ತರಬೇತಿ. ಶಿಕಾರಿಪುರದಲ್ಲಿ ಒಂದು ದಿನ ಸುತ್ತಲಿನ ಸಿಸ್ಟರುಗಳನ್ನೂ ಆಶಾ ಕಾರ್ಯಕರ್ತೆಯರನ್ನೂ ಕೂಡಿಸಿ ಔಷಧಗಳ ಕಾನೂನಿನ ಪಾಠ ಮಾಡಿದರು. ಇಂಥ ತರಬೇತಿಗೆ ಜನ ಹೋಗುವುದು ಅಲ್ಲಿ ಕೊಡುವ ಬ್ಯಾಗಿಗೆ ಮತ್ತು ಮಧ್ಯಾಹ್ನದ ಊಟಕ್ಕೆ. ಅಕ್ಕನೂ ಹಾಗೆಯೇ ಹೋದಳು. ಪಾಠ ಮಾಡಲು ಬಂದ ಅಧಿಕಾರಿ ಶುರುವಿನಲ್ಲೇ, ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಲ್ಲಿ ಯಾವ ಯಾವ ಮಾತ್ರೆ ಕೊಡಬಹುದು ಎಂದು ಕೇಳಿದರಂತೆ. ಒಬ್ಬಾಕೆ, ಜ್ವರದ ಮಾತ್ರೆ ಎಂದಳು. ಇನ್ನೊಬ್ಬಾಕೆ, ಎಲ್ಲವನ್ನೂ ಕೊಡಬಹುದು, ಹೇಗೂ ಕೊಡುತ್ತಿದ್ದಾರಲ್ಲ ಎಂದಳು. ಮತ್ತೊಬ್ಬಾಕೆ, ಅಂಗಡಿಯವನು ಗುರುತಿನವನಾಗಿದ್ದರೆ ಕೊಡಬಹುದು, ಇಲ್ಲದಿದ್ದರೆ ಇಲ್ಲ ಎಂದು ನಮ್ಮ ದೇಶದ ಕಾನೂನಿನ ಸಾರವನ್ನೇ ಹೇಳಿದಳು. ಆಗ ನಮ್ಮ ಅಕ್ಕ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಬಿಳಿ ಮಾತ್ರೆಗೆ ಚೀಟಿ ಬೇಡ, ಬಣ್ಣದ್ದಕ್ಕೆ ಬೇಕು ಎಂದು ಘೋಷಿಸಿದಳು! ಅಧಿಕಾರಿ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರಂತೆ. ನಕ್ಕಿದ್ದರೆ ಅಕ್ಕ ಸಹಿಸುತ್ತಿದ್ದಳು, ಒರೆಸಿಕೊಂಡದ್ದನ್ನು ಸಹಿಸಲಾರದೆ ಹೋದಳು.

ಆಮೇಲೆ ಆ ಅಧಿಕಾರಿ ಮಾತ್ರೆಯ ಒಂದು ಶೀಟನ್ನು ಎತ್ತಿ ಹಿಡಿದು ಅದರ ಬೆನ್ನ ಮೇಲೆ, ಅಂಚಿನಲ್ಲಿ ಇರುವ ಕೆಂಪು ಗೆರೆ ತೋರಿಸಿದರು. ಗೆರೆ ಇದ್ದರೆ ಡಾಕ್ಟರು ಬರೆದುಕೊಡದೆ ಮಾರುವಂತಿಲ್ಲ ಎಂದರು. ಇಷ್ಟು ವರ್ಷ ಆ ಶೀಟುಗಳನ್ನು ಕೈಯಲ್ಲಿ ಹಿಡಿದವಳು ಅಕ್ಕ. ಗೆರೆ ಇರುವುದು ಕತ್ತರಿ ಹಾಕುವ ಜಾಗ ತೋರಿಸಲಿಕ್ಕೆ ಎಂದುಕೊಂಡಿದ್ದಳು. ಪಕ್ಕದಲ್ಲಿ ಕೂತವಳನ್ನು ಮೆಲ್ಲಗೆ ವಿಚಾರಿಸಿದರೆ, ಅವಳು ಅದನ್ನು ಡಿಸೈನ್ ಎಂದುಕೊಂಡಿದ್ದಳಂತೆ.

ಆ ಸಂಜೆ ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಅವ್ವ ಅವಳಿಗೆಂದೇ ರೊಟ್ಟಿ ತಟ್ಟಿ, ಪಕ್ಕದಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದಳು. ಅಕ್ಕನಿಗೆ ರೊಟ್ಟಿಯ ಮೇಲೂ ಗಮನವಿಲ್ಲ, ಅವ್ವನ ಮೇಲೂ ಇಲ್ಲ. ಅಧಿಕಾರಿ ಕೊನೆಯಲ್ಲಿ ಇನ್ನೊಂದು ಮಾತು ಹೇಳಿದ್ದರಂತೆ. ಚೀಟಿ ಬೇಕೇ ಬೇಕು ಎನ್ನುವ ಔಷಧಗಳಿಗೆ ಕಾನೂನಿನಲ್ಲಿ ಪಟ್ಟಿ ಇದೆ, ಚೀಟಿ ಬೇಡ ಎನ್ನುವುದಕ್ಕೆ ಬೇರೆ ಪಟ್ಟಿ ಅಂತ ಇಲ್ಲ, ಉಳಿದದ್ದೇ ಅದು ಎಂದು. ಆ ಮಾತನ್ನು ಅಕ್ಕ ಹಿಡಿದುಕೊಂಡಳು, ಆ ಮಾತು ಅಕ್ಕನನ್ನು ಹಿಡಿದುಕೊಂಡಿತು.

"ಬೇಕು ಅನ್ನೋದಕ್ಕೆ ಪಟ್ಟಿ ಇದೆ, ಬೇಡ ಅನ್ನೋದಕ್ಕೆ ಇಲ್ಲ ಕಣೋ. ಬೇಡ ಅಂತ ಯಾರೂ ಬರೆದಿಲ್ಲ ಅಂದ್ಮೇಲೆ ಎಲ್ಲದಕ್ಕೂ ಬೇಕು ಅಂತ್ಲೇ ಅರ್ಥ, ಅಲ್ವಾ?"

ನಾನು ತುಂಬ ಯೋಚಿಸಿದೆ. ತರ್ಕದಲ್ಲಿ ಏನೋ ಎಡವಟ್ಟು ಇದೆ ಎನ್ನಿಸಿತು. ಆದರೆ ತಪ್ಪು ಎಂದು ಹೇಳಲು ಬಾಯಿ ಬರಲಿಲ್ಲ. ಯಾಕೆಂದರೆ ನಮ್ಮ ಕಚೇರಿ ನಡೆಯುವುದೂ ಇದೇ ತತ್ವದ ಮೇಲೆ!

ಶಿಕಾರಿಪುರದಿಂದ ಸೊರಬಕ್ಕೆ ಹೋಗುವವರು ಸಾಮಾನ್ಯವಾಗಿ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುತ್ತಾರೆ. ಮಾರನೆಯ ದಿನ ಅಕ್ಕ ಅಲ್ಲಿ ಇಳಿದಾಗ ಸಂತೆ ನೆರೆದಿತ್ತು. ನೇರವಾಗಿ ಬಳೆ ಅಂಗಡಿಗೆ ಹೋಗಿ ಕೆಂಪು ನೇಲ್ ಪಾಲಿಶ್ ಕೇಳಿದಳು. ನಮ್ಮ ಮನೆಯ ಹೆಂಗಸರಲ್ಲಿ ಉಗುರಿಗೆ ಬಣ್ಣ ಹಚ್ಚಿದವರೇ ಇಲ್ಲ. ಅವ್ವನಂತೂ ಅದನ್ನು ಸಿನಿಮಾದವರ ಸೊತ್ತು ಎನ್ನುತ್ತಿದ್ದಳು. ಬಳೆ ಅಂಗಡಿಯಾಕೆ ಅಕ್ಕನ ಕೈ ನೋಡಿ, ನಿಮಗೆ ಗುಲಾಬಿ ಒಪ್ಪುತ್ತದೆ ಎಂದಳಂತೆ. ಗುಲಾಬಿ ಕಾನೂನಿನಲ್ಲಿ ಇಲ್ಲ ಎಂದು ಅಕ್ಕ ಕೆಂಪು ಸೀಸೆ ಹಿಡಿದು ಬಸ್ಸು ಹತ್ತಿದಳು.

ಅಂದಿನಿಂದ ಆ ಮನೆಯಲ್ಲಿ ಗೆರೆಗಳ ಆಡಳಿತ ಶುರುವಾಯಿತು. ಭಾವನಿಗೆ ಬಿಪಿ ಇರುವುದರಿಂದ ಉಪ್ಪಿನಕಾಯಿ ಜಾಡಿಗೆ ಗೆರೆ. ಅವರ ಎಲೆಅಡಿಕೆ ಕವಳದ ಡಬ್ಬಿಗೆ ಗೆರೆ. ತಲೆನೋವು ತರುತ್ತದೆಂದು ಟಿವಿ ರಿಮೋಟಿಗೆ ಗೆರೆ. ಬೆನ್ನು ನೋವು ತರುತ್ತದೆಂದು ಬೈಕಿನ ಸೀಟಿಗೆ ಗೆರೆ. ಬಣ್ಣ ಇನ್ನೂ ಆರದಿದ್ದಾಗ ಜಾಡಿಗೆ ಮೈ ಉಜ್ಜಿದ ಬೆಕ್ಕಿನ ಬೆನ್ನಿಗೂ ಒಂದು ಗೆರೆ ಬಿತ್ತು. ಭಾವ ಆ ಬೆಕ್ಕನ್ನು ಮುಟ್ಟುವುದೇ ಬಿಟ್ಟರು. ಚೀಟಿ ಇಲ್ಲದೆ ಹೆಂಗೆ ಮುಟ್ಟಲಿ ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದರು.

ಭಾವ ಸಾಧು ಮನುಷ್ಯ. ಭತ್ತ, ಶುಂಠಿ ಬೆಳೆದುಕೊಂಡು, ಯಾರ ತಂಟೆಗೂ ಹೋಗದವರು. ಆದರೆ ಮಿಡಿ ಉಪ್ಪಿನಕಾಯಿಯ ವಿಷಯಕ್ಕೆ ಬಂದರೆ ಅವರಿಗೂ ರೋಷ ಉಂಟು. ಒಂದು ದಿನ ನಿಜವಾಗಿಯೂ ತಮ್ಮ ಡಾಕ್ಟರ ಹತ್ತಿರ ಹೋಗಿ, ಮುಖ ಸಣ್ಣದು ಮಾಡಿಕೊಂಡು ವಿಷಯ ತಿಳಿಸಿದರು. ಡಾಕ್ಟರೂ ಮದುವೆಯಾದವರೇ. ಮರುಮಾತಾಡದೆ ಬರೆದುಕೊಟ್ಟರು: ಮಾವಿನ ಮಿಡಿ, ಅರ್ಧ, ಊಟದ ಜೊತೆ, ಅಮಾವಾಸ್ಯೆಗೊಮ್ಮೆ. ಅಕ್ಕ ಆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಸಹಿ ನೋಡಿದಳು, ಮೊಹರು ನೋಡಿದಳು. ಆಮೇಲೆ ಒಂದು ಮಿಡಿ ತೆಗೆದು ಚಾಕುವಿನಿಂದ ಸರಿಯಾಗಿ ಅರ್ಧ ಮಾಡಿ ಬಡಿಸಿ, ಚೀಟಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಒಂದು ಚೀಟಿಗೆ ಒಂದೇ ಸಲವಂತೆ. ಉಳಿದರ್ಧ ಮಿಡಿ ಏನಾಗಬೇಕು ಎಂದು ಭಾವ ಕೇಳಿದ್ದಕ್ಕೆ, ಅದು ಸ್ಟಾಕ್ ಎಂದಳು.

ಆ ನಂತರ ಭಾವನಿಗೆ ಇದ್ದಕ್ಕಿದ್ದಂತೆ ಪಕ್ಷಿಗಳ ಮೇಲೆ ಪ್ರೀತಿ ಹುಟ್ಟಿತು. ಪಕ್ಷಿಧಾಮವಿರುವ ಗುಡವಿಯಲ್ಲಿ ಅವರ ಗೆಳೆಯರೊಬ್ಬರ ಮನೆ ಇದೆ. ಹಕ್ಕಿ ನೋಡಿಕೊಂಡು ಬರುತ್ತೇನೆ ಎಂದು ವಾರಕ್ಕೊಮ್ಮೆ ಹೊರಡತೊಡಗಿದರು. ಮಳೆಗಾಲದಲ್ಲಿ ಸರಿ, ಕೆರೆ ತುಂಬ ಹಕ್ಕಿ ಇರುತ್ತವೆ. ಹಕ್ಕಿಗಳೆಲ್ಲ ಹಾರಿಹೋದ ಬೇಸಿಗೆಯಲ್ಲೂ ಹೋಗುತ್ತಿದ್ದರು! ವಾಪಸು ಬಂದಾಗ ಬಾಯಿ ಸಾಸಿವೆ ಇಂಗಿನ ವಾಸನೆ ಹೊಡೆಯುತ್ತಿತ್ತು.

ಮನೆಯನ್ನು ಹದ್ದುಬಸ್ತಿಗೆ ತಂದ ಮೇಲೆ ಅಕ್ಕ ಊರಿನ ಕಡೆ ತಿರುಗಿದಳು. ಹಳ್ಳಿಯ ಜನರನ್ನು ಅಂಗನವಾಡಿಯಲ್ಲಿ ಸೇರಿಸಿ, ಕೆಂಪು ಗೆರೆ ಇರುವ ಮಾತ್ರೆಯನ್ನು ಡಾಕ್ಟರು ಬರೆದುಕೊಡದೆ ತಗೊಳ್ಳಬೇಡಿ ಎಂದು ಒಂದು ತಾಸು ಭಾಷಣ ಮಾಡಿದಳು. ಜನ ತಲೆದೂಗಿದರು. ಮುಂದಿನ ವಾರ ಶಿರಾಳಕೊಪ್ಪದ ಔಷಧಿ ಅಂಗಡಿಗಳಿಗೆ ಆ ಊರಿನವರು ಹೋಗಿ, ನಮಗೆ ಗೆರೆ ಇರೋದೇ ಬೇಕು ಎಂದು ಹಟ ಹಿಡಿದರು! ಯಾಕೆಂದು ಕೇಳಿದರೆ ಒಬ್ಬ ಯಜಮಾನರು ವಿವರಿಸಿದರಂತೆ: ಗೆರೆ ಇರುವುದನ್ನು ಡಾಕ್ಟರು ಮಾತ್ರ ಬರೆಯುವುದು, ಅಂದರೆ ಅದೇ ಒರಿಜಿನಲ್, ಗೆರೆ ಇಲ್ಲದ್ದು ಡೂಪ್ಲಿಕೇಟ್, ಸಿಸ್ಟರೇ ಹೇಳಿದ್ದಾರೆ ಎಂದು.

ಅಕ್ಕ ಬಿಡುತ್ತಾಳೆಯೇ? ಇನ್ನೊಂದು ಸಭೆ ಕರೆದಳು. ಈ ಸಲ ಉದಾಹರಣೆ ಕೊಟ್ಟು ಹೇಳಿದಳು. ಕೆಂಪು ಗೆರೆ ಎಂದರೆ ರೈಲ್ವೆ ಗೇಟು ಇದ್ದ ಹಾಗೆ, ಹಾಕಿದ್ದರೆ ನಿಲ್ಲಬೇಕು, ನುಗ್ಗಬಾರದು ಎಂದಳು. ಆ ಊರಿನವರು ರೈಲ್ವೆ ಗೇಟು ನೋಡಿದ್ದು ಕಡಿಮೆ. ಸಭೆ ಮುಗಿಯುವಷ್ಟರಲ್ಲಿ ಊರಿಗೆ ರೈಲು ಬರುವ ಸುದ್ದಿ ಹಬ್ಬಿತು. ಯಾರ ಗದ್ದೆಯ ಮೇಲೆ ಹಳಿ ಹೋಗುತ್ತದೆ, ಯಾರ ಪಹಣಿ ಸರಿ ಇಲ್ಲ ಎಂದು ವಾರಗಟ್ಟಲೆ ಚರ್ಚೆಯಾಯಿತು. ಇಬ್ಬರಂತೂ ಅಷ್ಟು ದೂರದಿಂದ ನನ್ನನ್ನು ಹುಡುಕಿಕೊಂಡು ಬಂದು, ರೈಲಿನ ವಿಷಯ ಸಿಸ್ಟರಿಗೆ ಗೊತ್ತಿದೆ, ನಿಮಗೆ ಗೊತ್ತಿಲ್ಲವೇ ಎಂದು ದಬಾಯಿಸಿದರು.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅದೇ ಹೊತ್ತಿಗೆ ಅವ್ವನ ರಕ್ತ ಪರೀಕ್ಷೆಯಾಯಿತು.

ಅವ್ವನ ಮೊಣಕಾಲು ನೋವು ಬಹಳ ವರ್ಷಗಳದ್ದು. ಅದಕ್ಕೆ ಅವಳ ಔಷಧ ಸೆಟ್ಟು. ಸೆಟ್ಟು ಗೊತ್ತಲ್ಲ? ನಮ್ಮ ಕಡೆ ಔಷಧಿ ಅಂಗಡಿಗೆ ಹೋಗಿ, ಮೈಕೈ ನೋವಿಗೆ ಒಂದು ಸೆಟ್ ಕೊಡ್ರಿ ಎಂದರೆ ಸಾಕು. ಬೇರೆ ಬೇರೆ ಶೀಟಿನಿಂದ ಒಂದು ಬಿಳಿ, ಒಂದು ಹಳದಿ, ಒಂದು ಗುಲಾಬಿ ಗುಳಿಗೆ ಬಿಡಿಸಿ ಸಣ್ಣ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಹೆಸರಿಲ್ಲ, ಕುಲವಿಲ್ಲ, ನೋವು ಮಾತ್ರ ಮಾಯ! ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ನುಂಗುತ್ತಿದ್ದಳು. ವರ್ಷಗಟ್ಟಲೆ ಹಾಗೆ ನುಂಗಿದ್ದರ ಫಲ ರಿಪೋರ್ಟಿನಲ್ಲಿ ಬಂತು. ಕಿಡ್ನಿ ದಣಿದಿದೆ, ಇನ್ನು ನೋವಿನ ಗುಳಿಗೆ ಒಂದೂ ಕೂಡದು, ಹಟ ಮಾಡಿದರೆ ಮುಂದೆ ಡಯಾಲಿಸಿಸ್ ಎಂದು ಡಾಕ್ಟರು ಹೇಳಿದರು. ರಿಪೋರ್ಟ್ ಓದಿದ ಅಕ್ಕ ಅವತ್ತು ಒಂದು ಮಾತೂ ಆಡಲಿಲ್ಲ. ಅವಳು ಮಾತಾಡಿದರೆ ನನಗೆ ನಗು ಬರುತ್ತದೆ. ಸುಮ್ಮನಾದರೆ ಹೆದರಿಕೆಯಾಗುತ್ತದೆ.

ಮಾರನೆಯ ದಿನ ನಮ್ಮ ಮನೆಯ ಜಪ್ತಿ ನಡೆಯಿತು. ಎಲೆಅಡಿಕೆ ಚೀಲದಲ್ಲಿ ಒಂದು ಪೊಟ್ಟಣ ಸಿಕ್ಕಿತು, ದೇವರ ಪಟದ ಹಿಂದೆ ಒಂದು ಸಿಕ್ಕಿತು, ಕುಂಕುಮದ ಭರಣಿಯಲ್ಲಿ ಕುಂಕುಮ ಮೆತ್ತಿಕೊಂಡು ದೇವರಂತೆಯೇ ಕೂತಿದ್ದ ಗುಳಿಗೆಗಳು ಸಿಕ್ಕಿದವು. ಎಲ್ಲವನ್ನೂ ತಟ್ಟೆಯಲ್ಲಿ ಹಾಕಿ ಅಕ್ಕ ಅವ್ವನ ಮುಂದೆ ಇಟ್ಟಳು. ಅವ್ವ ತಟ್ಟೆಯನ್ನು ನೋಡಿದಳು, ಮಗಳನ್ನು ನೋಡಿದಳು.

"ಗೆರೆ ಇದ್ದದ್ದಕ್ಕೆ ಚೀಟಿ ಬೇಕು ಅಂತ ನೀನೇ ಹೇಳ್ತೀಯಲ್ಲೇ. ಇದ್ರಾಗೆ ಗೆರೆ ಎಲ್ಲೈತೆ, ತೋರ್ಸು."

ನಾವು ಬಗ್ಗಿ ನೋಡಿದೆವು. ಬಿಡಿ ಗುಳಿಗೆ! ಶೀಟೇ ಇಲ್ಲ, ಇನ್ನು ಗೆರೆ ಎಲ್ಲಿಂದ ಬರಬೇಕು? ಆ ಅಧಿಕಾರಿಗೂ ಹೊಳೆಯದ ಸಂದು ಅದು. ಅಕ್ಕ ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದು ಅಲ್ಲೇ ಒಂದು ಗುಳಿಗೆಗೆ ಗೆರೆ ಎಳೆಯಲು ಹೋದಳು. ಅವ್ವ ನನ್ನ ಕಡೆ ತಿರುಗಿ, ಆಮೇಲೆ ತಿದ್ದಿದ ಕಾಗದ ನಿಮ್ಮ ಆಫೀಸಿನಾಗೆ ನಡೀತದೇನೋ ಎಂದು ಕೇಳಿದಳು. ನಡೆಯುವುದಿಲ್ಲ ಎಂದು ನಾನು ಒಪ್ಪಿಕೊಳ್ಳಬೇಕಾಯಿತು. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ನಮ್ಮಿಬ್ಬರ ಅಕ್ಕ-ತಮ್ಮನ ಸಂಬಂಧ ಮುಗಿದಂತೆಯೇ ಇತ್ತು.

ಕೊನೆಗೆ ಅಕ್ಕ ಕಾನೂನು ಬಿಟ್ಟು ಕಣ್ಣೀರಿಗೆ ಇಳಿದಳು. ಅವ್ವ ಕರಗಿದಳು. ದೇವರ ದೀಪದ ಮುಂದೆ ನಿಂತು, ಈ ಮನೆಯಾಗೆ ಇನ್ನು ಒಂದು ಗುಳಿಗೆ ನುಂಗಲ್ಲ ಎಂದು ಆಣೆ ಮಾಡಿದಳು. ಕಾಗದಗಳನ್ನು ಓದಿ ಓದಿ ಕಣ್ಣು ಹಾಳುಮಾಡಿಕೊಂಡ ನನಗಾದರೂ ಆ ಮಾತಿನ ಒಳಗುಟ್ಟು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅವ್ವ ಆಣೆಯನ್ನು ಚಾಚೂ ತಪ್ಪದೆ ಪಾಲಿಸಿದಳು. ವಾರವೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದಳು. ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಊರ ದೇವರನ್ನೆಲ್ಲ ಕರೆಯುತ್ತಿದ್ದಳು. ನನ್ನ ಹೆಂಡತಿ ಬಿಸಿ ಎಣ್ಣೆ ಹಚ್ಚುತ್ತಿದ್ದಳು, ಗುಳಿಗೆ ಮಾತ್ರ ಮನೆಯೊಳಗೆ ಬರಲಿಲ್ಲ. ಆದರೆ ಭಾನುವಾರ ಬಂತೆಂದರೆ ಕತ್ತಲಿರುವಾಗಲೇ ಎದ್ದು, ಒಳ್ಳೆಯ ಸೀರೆ ಉಟ್ಟು, ಮಗಳ ಮನೆಗೆ ಹೊರಡುತ್ತಿದ್ದಳು. ನಾನು ಕೈ ಹಿಡಿದು ಬಸ್ಸು ಹತ್ತಿಸಬೇಕಿತ್ತು. ಜೊತೆಗೆ ಬರುತ್ತೇನೆ ಎಂದರೆ ಮಾತ್ರ ಸುತರಾಂ ಒಪ್ಪುತ್ತಿರಲಿಲ್ಲ.

ಅತ್ತ ಸೊರಬದಿಂದ ಅಕ್ಕನ ಫೋನು ಬರುತ್ತಿತ್ತು. ಗುಳಿಗೆ ಬಿಟ್ಟ ಮೇಲೆ ಅವ್ವನ ಕಾಲು ಸರಿಹೋಗಿದೆ, ಇಲ್ಲಿ ನಮ್ಮ ಎತ್ತರದ ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತುತ್ತಾಳೆ ಎಂದು ಬೀಗುತ್ತಿದ್ದಳು. ಇಲ್ಲಿ ಹೊಸಿಲು ದಾಟಲು ಆಗುತ್ತಿಲ್ಲವಲ್ಲ ಎಂದು ನಾನು ಹೇಳಿದರೆ, ಹಾಗಾದರೆ ದೋಷ ನಿಮ್ಮ ಮನೆಯ ನೆಲದಲ್ಲಿದೆ ಎಂದು ತೀರ್ಪು ಕೊಟ್ಟಳು. ಆರೋಗ್ಯ ಇಲಾಖೆಯವಳೇ ಹೀಗೆ ಹೇಳಿದ ಮೇಲೆ ಗುಮಾಸ್ತ ಏನು ಮಾಡಬೇಕು? ನಾನು ಟೈಲ್ಸ್ ಕಿತ್ತು ಬೇರೆ ಹಾಕಿಸುವ ಯೋಚನೆ ಮಾಡಿದ್ದೆ!

ಅಷ್ಟರಲ್ಲಿ ಅವ್ವನ ಎರಡನೆಯ ರಿಪೋರ್ಟ್ ಬಂತು. ಮೊದಲಿಗಿಂತ ಕೆಟ್ಟಿತ್ತು. ಇವರು ಎಲ್ಲೋ ಗುಳಿಗೆ ತಗೊಳ್ತಿದ್ದಾರೆ, ಹುಡುಕಿ ಎಂದರು ಡಾಕ್ಟರು. ಟೈಲ್ಸ್ ಬಚಾವಾಯಿತು. ಅವ್ವ ಒಬ್ಬಳೇ ಇಳಿದು ಹತ್ತುವ ಜಾಗ ಬಸ್ಸು ಬದಲಿಸುವ ಶಿರಾಳಕೊಪ್ಪವೊಂದೇ ಎಂದು ಅಕ್ಕ ಒಂದು ದಿನ ರಜೆ ಹಾಕಿ ನನಗೆ ಅಲ್ಲಿಗೆ ಬಾ ಎಂದಳು.

ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತೆ. ಅಕ್ಕ ಕಾಣಲಿಲ್ಲ. ಒಬ್ಬಳು ಮುದುಕಿ ಕೋಲೂರಿಕೊಂಡು ಬಂದು ನನ್ನ ಕೈ ಹಿಡಿದಳು. ನೋಡಿದರೆ ಅಕ್ಕ! ಅವ್ವ ಸೊರಬದ ಮನೆಯಲ್ಲಿ ಬಿಟ್ಟುಹೋಗಿದ್ದ ಹಳೆಯ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಭಾವನ ಕನ್ನಡಕ ಏರಿಸಿಕೊಂಡಿದ್ದಳು. ಅವ್ವನಿಗೆ ಸೆಟ್ಟು ಮಾರುವವನನ್ನು ಕೈಯಾರೆ ಹಿಡಿಯುವ ಉಪಾಯವಂತೆ. ನಾನು ಮೊಮ್ಮಗನ ಪಾತ್ರ ಮಾಡಬೇಕಂತೆ. ನನ್ನ ಕೂದಲು ಅವಳಿಗಿಂತ ಮೊದಲೇ ನೆರೆತಿದೆ ಎಂಬುದು ಅವಳಿಗೆ ಅಡ್ಡಿಯಾಗಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿಗಿದ್ದ ಸಣ್ಣ ಔಷಧಿ ಅಂಗಡಿಯ ಮೆಟ್ಟಿಲನ್ನು ಅಕ್ಕ ನರಳುತ್ತಾ ಹತ್ತಿದಳು. ಅಂಗಡಿಯವರು ತಲೆಯೆತ್ತಿ ನೋಡಿ, "ಬರ್ರಿ ಸಿಸ್ಟರ್. ಕಾಲಿಗೇನಾತ್ರಿ?" ಎಂದರು. ಅವರ ಹೆಂಡತಿಯ ತವರು ಅಕ್ಕನ ಉಪಕೇಂದ್ರದ ಊರೇ. ಅವರ ಮಗುವಿಗೆ ಅಕ್ಕನೇ ಚುಚ್ಚುಮದ್ದು ಹಾಕಿದ್ದಳು. ಆದರೂ ಅಕ್ಕ ಬಿಡಲಿಲ್ಲ. ಸಿಸ್ಟರ್ ಯಾರಪ್ಪಾ ಎಂದು ನಡುಗುವ ದನಿಯಲ್ಲಿ ಹೇಳಿ, ಮೊಣಕಾಲು ನೋವಿಗೆ ಒಂದು ಸೆಟ್ ಕೇಳಿದಳು.

"ಚೀಟಿ ಐತೇನ್ರಿ?" ಎಂದರು ಅವರು.

ಹಿಡಿಯಲು ಬಂದವಳನ್ನೇ ಹಿಡಿದಿದ್ದರು! ನಾನು ನಗು ತಡೆಯಲಾಗದೆ ಕೆಮ್ಮಿದೆ. ಕೆಮ್ಮಿಗೂ ಚೀಟಿ ಬೇಕಾದೀತು ಎಂದು ಬಾಯಿ ಮುಚ್ಚಿಕೊಂಡೆ. ಅಕ್ಕ ಸೆರಗು ಸರಿಸಿ, ಕನ್ನಡಕ ತೆಗೆದು, ನಮ್ಮ ಅವ್ವನಿಗೂ ಹೀಗೆ ಕೇಳಿದಿರಾ ಎಂದು ನೇರವಾಗಿ ಕೇಳಿದಳು. ಅವರು ತಲೆ ತಗ್ಗಿಸಿದರು.

"ಕೇಳ್ದೆ ರೀ. 'ನಾನು ಸಿಸ್ಟರ್ ತಾಯಿ, ನನಗೆ ನನ್ನ ಮಗಳೇ ಚೀಟಿ' ಅಂದ್ರು. ನಿಮ್ಮ ಹೆಸರು ಬಂದ್ಮೇಲೆ ನಾ ಹೆಂಗ ಇಲ್ಲ ಅನ್ಲಿ?"

ಎಷ್ಟು ದಿನದಿಂದ, ಯಾವಾಗ ಬರುತ್ತಾಳೆ ಎಂದು ನಾನು ಕೇಳಿದೆ.

"ಭಾನುವಾರ ಅಷ್ಟೇ ರೀ. ಸೊರಬದ ಬಸ್ ಹತ್ತೋ ಮೊದ್ಲು ಬರ್ತಾರ. ಇಲ್ಲೇ ನೀರು ಇಸ್ಕೊಂಡು ನುಂಗ್ತಾರ. 'ಬಸ್ ಇಳಿಯೋದ್ರಾಗೆ ಕೆಲ್ಸ ಮಾಡ್ತದಲ್ಲಪ್ಪಾ?' ಅಂತ ಕೇಳ್ತಾರ."

ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತಳು. ಅಂಗಡಿಯವರನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವ್ವನ ಕಿಡ್ನಿಯ ಸ್ಥಿತಿ ಏನೆಂದು ನಿಧಾನವಾಗಿ ತಿಳಿಸಿ, ಇನ್ನು ಮೇಲೆ ನನ್ನ ಹೆಸರಿಗೆ ಏನೂ ಕೊಡಬೇಡಿ ಎಂದಷ್ಟೇ ಹೇಳಿದಳು. ಪಾಪ, ಅವರ ಮುಖ ಬಿಳಿಚಿಕೊಂಡಿತು. ಅಕ್ಕ ಸೊರಬದ ಕಡೆಗೆ ಹೋಗದೆ ನನ್ನ ಜೊತೆಗೇ ಶಿಕಾರಿಪುರದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು.

ಮನೆ ಬಾಗಿಲಲ್ಲಿ ಅವ್ವ ಅವಳನ್ನು ಕಂಡು, ನನ್ನ ಸೀರೆ ಯಾಕುಟ್ಟಿದೀಯೆ ಎಂದಳು. ಅಕ್ಕ ಉತ್ತರ ಕೊಡದೆ, ಆಣೆ ಏನಾಯಿತು ಎಂದು ಕೇಳಿದಳು. ಅವ್ವನಿಗೆ ಎಲ್ಲ ಅರ್ಥವಾಯಿತು. ಈ ಮನೆಯಾಗೆ ಅಂದಿದ್ದೆ, ಈ ಮನೆಯಾಗೆ ನುಂಗಿಲ್ಲ ಎಂದು ಮೊದಲು ವಾದಕ್ಕೇ ನಿಂತಳು. ಎದುರಿಗೆ ಮಗಳು ವಾದ ಮಾಡದೆ ಸುಮ್ಮನೆ ನಿಂತದ್ದು ನೋಡಿ ಅವಳ ದನಿ ಇಳಿಯಿತು.

"ಕುಂಟ್ಕಂತ ಬಂದ್ರೆ ನೀನು ಬರಬ್ಯಾಡ ಅಂತೀಯ. ಬರಬ್ಯಾಡ ಅಂದ್ರೆ ನಿನ್ನ ನೋಡೋದು ಹೆಂಗೆ? ನೀನು ಊರೋರ ಮನೆ ಮನೆಗೆಲ್ಲ ಹೋಗ್ತೀಯ. ಈ ಮನೆಗೆ ಬರೋದು ತರಬೇತಿ ಇದ್ರೆ ಮಾತ್ರ."

ನನಗೆ ತರಬೇತಿಯ ಸಂಜೆ ರೊಟ್ಟಿ ಬಡಿಸಿ ಅವಳ ಮುಖವನ್ನೇ ನೋಡುತ್ತಾ ಕೂತಿದ್ದ ಅವ್ವ ನೆನಪಾದಳು. ಅಕ್ಕ ಕೋಲನ್ನು ಗೋಡೆಗೆ ಒರಗಿಸಿ, ಅವ್ವನ ಕಾಲ ಹತ್ತಿರ ಕೂತು ಒಂದೇ ಮಾತು ಹೇಳಿದಳು.

"ಬಸ್ಸು ಆ ಕಡೆಯಿಂದ್ಲೂ ಬರ್ತದೆ ಅವ್ವಾ. ನಾನೇ ಬರ್ತೀನಿ."

ಈಗ ಭಾನುವಾರ ಅಕ್ಕನೇ ಬರುತ್ತಾಳೆ. ಭಾವನೂ ಬರುತ್ತಾರೆ. ನಮ್ಮ ಮನೆಯ ಉಪ್ಪಿನಕಾಯಿ ಜಾಡಿಗೆ ಗೆರೆ ಇಲ್ಲದಿರುವುದರಿಂದ ಅವರು ಗುಡವಿಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಹಕ್ಕಿಗಳು ಅವರನ್ನು ನೆನೆಸಿಕೊಳ್ಳುತ್ತಿವೆಯೋ ಏನೋ! ಅವ್ವನ ಮೂರನೆಯ ರಿಪೋರ್ಟ್ ಬಂದಿದೆ. ಕಿಡ್ನಿ ಸುಧಾರಿಸಿಲ್ಲ, ಆದರೆ ಇನ್ನಷ್ಟು ಕೆಟ್ಟಿಲ್ಲ, ಹೀಗೇ ನಿಂತರೆ ಸಾಕು ಎಂದಿದ್ದಾರೆ ಡಾಕ್ಟರು. ಕಾಲು ನೋವು ಇದ್ದೇ ಇದೆ. ಮಗಳ ಎದುರು ಅದನ್ನು ಮುಚ್ಚಿಡಬೇಕಾಗಿಲ್ಲವಾದ್ದರಿಂದ ಅವ್ವ ಈಗ ಧಾರಾಳವಾಗಿ ನರಳುತ್ತಾಳೆ.

ಹೋದ ಭಾನುವಾರದ ಮಾತು. ಅಕ್ಕ ಅವ್ವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಭಾವ ಎರಡನೆಯ ಮಿಡಿಗೆ ಕೈ ಹಾಕಿದ್ದನ್ನು ಓರೆಗಣ್ಣಿನಲ್ಲಿ ಕಂಡು, ಎಣ್ಣೆ ಕೈ ಒರೆಸಿಕೊಂಡು, ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದಳು. ನಮ್ಮ ಮನೆಗೂ ಬಂತಲ್ಲಪ್ಪಾ ಗೆರೆ ಎಂದು ನಾನು ಎದ್ದು ಜಾಡಿಯನ್ನು ಎತ್ತಿಕೊಂಡೆ. ಆಗ ಅವ್ವ ಅವಳ ಕೈ ಹಿಡಿದು ಆ ಸೀಸೆಯನ್ನೇ ನೋಡುತ್ತಾ, ಯಾರಿಗೂ ಕೇಳಬಾರದು ಎನ್ನುವಷ್ಟು ಮೆಲ್ಲಗೆ ಹೇಳಿದಳು.

"ಇನ್ನೂ ಉಳಿದೈತೇನೇ ಅದು? ನನ್ನ ಬೆರಳಿಗೆ ಒಂದೀಟು ಹಚ್ಚು, ನೋಡಾಣ."

ಸಿನಿಮಾದವರ ಸೊತ್ತು ಎನ್ನುತ್ತಿದ್ದ ಅವ್ವ! ಕಳೆ ಕಿತ್ತು, ರೊಟ್ಟಿ ತಟ್ಟಿ ಸವೆದುಹೋದ ಆ ಉಗುರುಗಳಿಗೆ ಇಷ್ಟು ವರ್ಷ ಯಾರೂ ಬಣ್ಣ ಹಚ್ಚಿರಲಿಲ್ಲ, ಹಚ್ಚಲೇ ಎಂದು ಕೇಳಿರಲೂ ಇಲ್ಲ. ಭಾವ ಮಿಡಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದರು. ಅಕ್ಕ ಸೀಸೆಯ ಮುಚ್ಚಳ ತಿರುವಿ, ಅವ್ವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳಿನಿಂದ ಶುರುಮಾಡಿದಳು.

ಚೀಟಿ ಕೇಳಲಿಲ್ಲ.